ಬೆಳಕಿಂಡಿಗೆ ಅಂಟಿದ್ದ ಬೂದು

"ಡಾಕ್ಟ್ರು ಮೋಸ ಮಾಡ್ಬುಟ್ಟ."

ಕಣ್ಣಿನ ಪೊರೆ ತೆಗೆಸಿಕೊಂಡು ಮನೆಗೆ ಬಂದು, ತಮ್ಮ ಕುರ್ಚಿಯಲ್ಲಿ ಕೂತು, ಪೇಪರ್ ಬಿಡಿಸಿದ ನಮ್ಮ ಮಾವ ಹೇಳಿದ ಮೊದಲ ಮಾತು ಇದು.

ನಾನು ಗಾಬರಿಯಾದೆ. ಬೆಳಿಗ್ಗೆ ತಾನೇ ಆಸ್ಪತ್ರೆಯ ಗೋಡೆಯ ಮೇಲಿದ್ದ ಕೊನೆಯ ಸಾಲಿನ ಅಕ್ಷರಗಳನ್ನು ಗಡಗಡ ಓದಿದ್ದರು. ಬರುವಾಗ ಆಟೋದಲ್ಲಿ ಕೂತೇ ಆಂಡರ್ಸನ್‌ಪೇಟೆಯ ಅಂಗಡಿ ಬೋರ್ಡುಗಳನ್ನೆಲ್ಲ ಓದಿ ಹೇಳಿದ್ದರು (ಅರ್ಧ ತಮಿಳು, ಅರ್ಧ ಕನ್ನಡ, ಅವರಿಗೆ ಎರಡೂ ಒಂದೇ). ಈಗೇನಾಯಿತು?

"ಆಚೆ ಎಲ್ರಿಗೂ ಕಾಣ್ತದೆ ಬಿಡಮ್ಮ. ನನ್ ಜಾಗದಾಗೆ ನಂಗೆ ಪೇಪರ್ ಕಾಣ್ಬೇಕು. ಕಾಣ್ತಿಲ್ಲ. ಇನ್ನೊಂದು ಕಣ್ಣು ಮಾಡ್ಸಲ್ಲ, ಮುಗೀತು."

ಮಾವ ಮುಗೀತು ಅಂದರೆ ಮುಗಿಯಿತು. ಆದರೆ ಆ ಇನ್ನೊಂದು ಕಣ್ಣಿನ ಪೊರೆ ಆಗಲೇ ಚೆನ್ನಾಗಿ ಬಲಿತಿತ್ತು. ತಡ ಮಾಡಬೇಡಿ ಎಂದು ಡಾಕ್ಟರ್ ಎರಡೆರಡು ಸಲ ಹೇಳಿ ಕಳಿಸಿದ್ದರು.

ನಮ್ಮ ಮನೆ ನೋಡಿಲ್ಲದವರಿಗೆ ಹೇಳಿಬಿಡುತ್ತೇನೆ. ಕೆಜಿಎಫ್‌ನ ನಂದಿದುರ್ಗದಲ್ಲಿ ಹಳೆಯ ಗಣಿ ಕಾರ್ಮಿಕರ ಲೈನ್ ಮನೆ. ಶೀಟಿನ ಮಾಡು. ನಡುಮನೆಗೆ ಕಿಟಕಿಯಿಲ್ಲ. ಮಾಡಿನ ನೆತ್ತಿಯಲ್ಲಿ ಗಾಜು ಕೂರಿಸಿದ ಒಂದು ಬೆಳಕಿಂಡಿ ಇದೆ, ಅಷ್ಟೇ. ಅದರ ಕೆಳಗೆ ಮಾವನ ಕುರ್ಚಿ. ಆ ಗಾಜು ನಾನು ಸೊಸೆಯಾಗಿ ಬಂದಾಗಿನಿಂದಲೂ ಬೂದು ಬಣ್ಣಕ್ಕೇ ಇದೆ. ಬೆಳಕು ಬರುವುದೇ ಇಲ್ಲ ಅಂತಲ್ಲ. ಬರುತ್ತದೆ, ಸಂಕೋಚಪಟ್ಟುಕೊಂಡು.

ಟ್ಯೂಬ್‌ಲೈಟ್ ಹಾಕಿಕೊಳ್ಳಬಹುದಲ್ಲ? ನಾನೂ ಅದನ್ನೇ ಕೇಳಿದೆ.

"ಅರ್ಧ ಆಯಸ್ಸು ಭೂಮಿಯೊಳ್ಗೆ ತಲೆ ಮ್ಯಾಲೆ ಲೈಟ್ ಕಟ್ಕೊಂಡು ಕಳ್ದಿವ್ನಿ. ಅಗಲೊತ್ನಾಗೂ ಲೈಟ್ ಆಕ್ಲಾ?" ಎಂದರು. ಇದಕ್ಕೆ ನೀವಾದರೆ ಏನು ಉತ್ತರ ಕೊಡುತ್ತಿದ್ದಿರಿ?

ಗಾಜು ಹಾಗಾಗಿದ್ದಕ್ಕೆ ಕಾರಣ ಮಾವನಿಗೆ ಗೊತ್ತಿತ್ತು. ಸೈನೈಡ್ ದಿಬ್ಬ! ಚಿನ್ನ ತೆಗೆದು ಉಳಿದ ಕಲ್ಲಿನ ಪುಡಿಯನ್ನು ಸುರಿದು ಸುರಿದು ಗುಡ್ಡಗಳೇ ಆಗಿವೆ ನಮ್ಮೂರಲ್ಲಿ. ಆಷಾಢದ ಗಾಳಿಗೆ ಅದರ ಧೂಳು ಒಗೆದ ಬಟ್ಟೆ, ಒಣಹಾಕಿದ ಸಂಡಿಗೆ, ಯಾವುದನ್ನೂ ಬಿಡುವುದಿಲ್ಲ. ಹಾಗಾಗಿ ಕೆಜಿಎಫ್‌ನಲ್ಲಿ ಏನು ಕೆಟ್ಟರೂ ತಪ್ಪು ದಿಬ್ಬದ್ದೇ. ಮಿಕ್ಸಿ ಕೆಟ್ಟರೆ ದಿಬ್ಬದ ಧೂಳು. ಮಗ ಲೆಕ್ಕದಲ್ಲಿ ಫೇಲಾದರೂ ದಿಬ್ಬದ ಧೂಳು (ಪೇರೆಂಟ್ಸ್ ಮೀಟಿಂಗಿನಲ್ಲಿ ನಾನೇ ಕಿವಿಯಾರೆ ಕೇಳಿದ್ದೇನೆ).

ಪ್ರತಿ ದೀಪಾವಳಿಗೆ ಮಾವ ಹಿತ್ತಲ ಗೋಡೆ ಹತ್ತಿ, ಉದ್ದನೆಯ ಬಿದಿರಿಗೆ ತೆಂಗಿನ ನಾರು ಕಟ್ಟಿ, ದಿಬ್ಬಕ್ಕೆ ಬೈಯುತ್ತಾ ಆ ಗಾಜನ್ನು ಉಜ್ಜುತ್ತಿದ್ದರು. ಅತ್ತೆ ಸೋಡಾ ಹಾಕಿ ಬಿಸಿನೀರು ಕಾಯಿಸಿ ಕೊಡುತ್ತಿದ್ದರು. ಗಾಜು ಮಾತ್ರ ಜಪ್ಪಯ್ಯ ಅನ್ನುತ್ತಿರಲಿಲ್ಲ.

ಈ ಸಲ ಸರದಿ ನನ್ನದು. ಒಂದು ಕಣ್ಣಿನ ಪ್ರಶ್ನೆ ತಾನೇ? ನಾನು ಪಾಠ ಮಾಡುವುದು ಬಂಗಾರಪೇಟೆಯ ಶಾಲೆಯಲ್ಲಿ. ಸ್ಟಾಫ್ ರೂಮಿನಲ್ಲಿ ವಿಷಯ ಎತ್ತಿದ್ದೇ ತಡ, ಸಲಹೆಗಳ ಸುರಿಮಳೆ. ವಿನೆಗರ್, ಅಡುಗೆ ಸೋಡಾ, ಟೂತ್‌ಪೇಸ್ಟ್, ಹುಣಸೆಹಣ್ಣು (ನಮ್ಮ ಸೀಮೆಯಲ್ಲಿ ಹುಣಸೆಹಣ್ಣಿಗೆ ಬಗ್ಗದ ಸಮಸ್ಯೆಯೇ ಇಲ್ಲ). ಶನಿವಾರ ಮಧ್ಯಾಹ್ನ ಗೋಡೆ ಹತ್ತಿ, ಅದೇ ಬಿದಿರು ಹಿಡಿದು ಎಲ್ಲವನ್ನೂ ಪ್ರಯೋಗಿಸಿದೆ. ಶೀಟು ಘಮಘಮ ಅಂತು. ಗಾಜು ಇದ್ದ ಹಾಗೇ ಇತ್ತು. ನನ್ನ ಭುಜ ಮೂರು ದಿನ ನೋಯಿತು.

ಅತ್ತೆ ಕೆಳಗಿನಿಂದ, "ಬಿಡಮ್ಮಾ, ಅದು ಓಗಲ್ಲ," ಎಂದು ಹೇಳುತ್ತಲೇ ಇದ್ದರು. ಸೊಸೆಯ ಮೇಲೆ ಎಷ್ಟು ಕಾಳಜಿ ಅಂದುಕೊಂಡೆ.

ಮಾರನೆಯ ದಿನ ಭಾನುವಾರ. ಹಿತ್ತಲಲ್ಲಿ ಸದ್ದಾಯಿತೆಂದು ಹೋಗಿ ನೋಡಿದರೆ ಮಾವ! ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಗಾರೆ ಕೆಲಸದ ಕರಣೆ ಹಿಡಿದು, ಏಣಿಯ ನಾಲ್ಕನೆಯ ಮೆಟ್ಟಿಲಲ್ಲಿದ್ದಾರೆ. ಆಪರೇಷನ್ ಆಗಿ ವಾರವಾಗಿಲ್ಲ. ಶೀಟಿನ ಮೇಲೇ ಹೋಗಿ ಕೂತು ಕೆರೆಯುತ್ತಾರಂತೆ. ಹಳೇ ಶೀಟು, ಬೆಕ್ಕು ಓಡಿದರೇ ಲಟಲಟ ಅನ್ನುತ್ತದೆ.

ಏಣಿ ಗಟ್ಟಿಯಾಗಿ ಹಿಡಿದುಕೊಂಡು, "ಮಾವ, ಇಳೀರಿ, ದಮ್ಮಯ್ಯ," ಎಂದೆ. ಕೇಳಲಿಲ್ಲ. ಐದನೆಯ ಮೆಟ್ಟಿಲಿಗೆ ಕಾಲಿಟ್ಟರು.

ಆಗ ಅತ್ತೆ ಅಡುಗೆಮನೆಯಿಂದ ರಾಗಿಹಿಟ್ಟಿನ ಕೈಯಲ್ಲೇ ಓಡಿ ಬಂದರು.

"ಇಳೀರಿ ಕೆಳಕ್ಕೆ! ಅದು ದಿಬ್ಬದ ಧೂಳಲ್ಲ. ಪೇಂಟು. ನಾನೇ ಬಳ್ದಿದ್ದು."

ಮಾವ ಅಲ್ಲಿಂದಲೇ ಬಗ್ಗಿ ಕೇಳಿದರು, "ಯಾವಾಗ್ಲೇ?"

"ನಿಮ್ದು ನೈಟ್ ಶಿಫ್ಟ್ ನಡೀತಿದ್ದಾಗ. ಬೆಳಿಗ್ಗೆ ಬಂದು ಮಲಗಿದ್ರೆ ಬಿಸ್ಲು ನೆಟ್ಗೆ ಮಕದ ಮ್ಯಾಲೆ. ಒಳ್ಳಾಡ್ತಿದ್ರಿ. ನಿದ್ದೆಗೆಟ್ಟು ಗಣಿಗಿಳಿದು ಏನಾರ ಆದ್ರೆ ನಾನ್ ಏನ್ ಮಾಡ್ಲಿ? ಟ್ರಂಕಿಗೆ ಬಳ್ದು ಮಿಕ್ಕಿದ್ ಪೇಂಟಿತ್ತು. ಸಂಜೆ ನೀವು ಡ್ಯೂಟಿಗೆ ಓಗ್ತಿದ್ದಂಗೆ ಶೀಟಿನ ಮ್ಯಾಲೆ ಅಲಗೆ ಆಕ್ಕೊಂಡು ಅತ್ತಿದೆ."

"ನಂಗ್ಯಾಕೆ ಏಳ್ಲಿಲ್ಲ?"

"ಒಟ್ಟೇಲಿ ಮಗ ಇದ್ದ, ಐದು ತಿಂಗ್ಳು. ಏಣಿ ಅತ್ತಿದ್ದು ಗೊತ್ತಾದ್ರೆ ಸುಮ್ಕಿರ್ತಿದ್ರಾ ನೀವು?"

(ಆ ಮಗ ನನ್ನ ಗಂಡ. ಆತ ಮಾಡಿನ ಮೇಲೆ ಹೋಗಿದ್ದು ಅದೊಂದೇ ಸಲ. ಆಮೇಲೆ ಬಲ್ಬು ಬದಲಿಸಲು ಸ್ಟೂಲ್ ಕೂಡ ಹತ್ತಿಲ್ಲ.)

ಪೇಂಟ್ ಬಳಿದ ಮರುದಿನ ಮಾವ "ಇದೇನು ಗಾಜು ಹಿಂಗಾಯ್ತು" ಎಂದು ಕೇಳಿದ್ದರಂತೆ. ದಿಬ್ಬದ ಧೂಳು ಎಂದವರು ಅತ್ತೆಯೇ. ಆಷಾಢ, ಗಾಳಿ ಜೋರು. ಮಾವ ನಂಬಿಬಿಟ್ಟರು. ಕೆಜಿಎಫ್‌ನವರು ಬೇರೆ ಏನು ತಾನೇ ನಂಬಬೇಕು?

"ಗಣಿ ಮುಚ್ಚಿದ್ಮೇಲಾದ್ರೂ ಕೆರೆದಾಕ್ಬೌದಿತ್ತಲ್ಲ?" ಮಾವನ ಕೊನೆಯ ಪ್ರಶ್ನೆ.

"ಗಣಿ ಮುಚ್ಚಿದ್ಮೇಲೆ ಅಗಲೂ ರಾತ್ರಿ ಮನೇಲೇ ಇದ್ರಿ. ನಾನ್ ಯಾವಾಗ ಅತ್ಲಿ?"

ಮಾವ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಕರಣೆಯನ್ನು ಅತ್ತೆಯ ಕೈಗೆ ಕೊಟ್ಟು ಒಳಗೆ ಹೋದರು.

ಆ ಕಾಲದಲ್ಲಿ ಲೈನ್ ಮನೆಗಳಲ್ಲಿ ರಾತ್ರಿ ಪಾಳಿಯವರು ಮಲಗಿದ್ದಾರೆ ಅಂದರೆ ಬಾಗಿಲಿಗೆ ಗೋಣಿಚೀಲ ಇಳಿಬಿಡುತ್ತಿದ್ದರಂತೆ. ಅದನ್ನು ಕಂಡರೆ ಸೊಪ್ಪಿನವಳೂ ಕೂಗದೆ ಮುಂದೆ ಹೋಗುತ್ತಿದ್ದಳಂತೆ. ಒಬ್ಬ ಮನುಷ್ಯನ ನಿದ್ದೆಯನ್ನು ಇಡೀ ಬೀದಿ ಕಾಯುತ್ತಿತ್ತು. ನಾನೋ, ಅದೇ ನಿದ್ದೆಗೆಂದು ಬಳಿದಿದ್ದರ ಮೇಲೆ ಟೂತ್‌ಪೇಸ್ಟ್ ತಿಕ್ಕಿದ್ದೆ. ಮನೆಯಲ್ಲಿ ಇದ್ದವರನ್ನು ಒಂದು ಮಾತು ಕೇಳದೆ ನಾವು ಹೀಗೆ ಏನೇನನ್ನೆಲ್ಲ ಕೊಳೆ ಅಂತ ಉಜ್ಜುತ್ತಿರುತ್ತೇವೋ!

ಸೋಮವಾರ ಊರಿಗಾಂನಿಂದ ಪೇಂಟರ್ ಒಬ್ಬರನ್ನು ಕರೆಸಿದೆವು. ಹಲಗೆ ಹಾಕಿಕೊಂಡು ಹತ್ತಿದರು, ಥಿನ್ನರ್ ಹಚ್ಚಿದರು, ಬ್ಲೇಡಿನಲ್ಲಿ ಎಬ್ಬಿಸಿದರು. ಅರ್ಧ ಗಂಟೆಯ ಕೆಲಸ. "ಒಳ್ಳೇ ಪೇಂಟ್ ಮೇಡಂ, ಈಗ ಇಂಥದ್ದು ಸಿಗಲ್ಲ," ಎಂದು ಸರ್ಟಿಫಿಕೇಟ್ ಬೇರೆ ಕೊಟ್ಟರು.

ಆಮೇಲೆ ನೋಡಬೇಕಿತ್ತು ನಮ್ಮ ನಡುಮನೆಯನ್ನು. ಬೆಳಕು ಧಾರಾಳವಾಗಿ ಕುರ್ಚಿಯ ಮೇಲೆ ಬಿತ್ತು. ಮಾವ ಪೇಪರ್ ಹಿಡಿದು ಮೊದಲ ಪುಟದಿಂದ ಟೆಂಡರ್ ನೋಟಿಸಿನವರೆಗೂ ಓದಿದರು. ಮಡಚಿಟ್ಟು ನನ್ನನ್ನು ಕರೆದರು.

"ಡಾಕ್ಟ್ರು ಪರ್ವಾಗಿಲ್ಲ ಕಣಮ್ಮ. ಇನ್ನೊಂದ್ ಕಣ್ಣಿಗೆ ಯಾವತ್ತು ಬರ್ಲಿ ಅಂತ ಕೇಳು."

ಅಬ್ಬಾ! ಶಾಲೆಗೆ ಒಂದು ದಿನ ರಜೆ ಹಾಕಿದ್ದು ಸಾರ್ಥಕವಾಯಿತು.

ಮಧ್ಯಾಹ್ನ ಮುದ್ದೆ ಉಂಡು ಮಾವ ಎಂದಿನಂತೆ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದರು. ಬಿಸಿಲು ನೆಟ್ಟಗೆ ಮುಖದ ಮೇಲೆ. ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು, ಟವೆಲ್ ಎಳೆದುಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಮೊದಲು ಅವರನ್ನು ನೋಡಿದರು, ಆಮೇಲೆ ಬೆಳಕಿಂಡಿಯನ್ನು ನೋಡಿದರು, ಆಮೇಲೆ ಮೆಲ್ಲಗೆ ಹಿತ್ತಲ ಕಡೆ ತಿರುಗಿದರು.

ಸದ್ಯಕ್ಕೆ ಏಣಿ ನನ್ನ ರೂಮಿನಲ್ಲಿದೆ, ಬೀಗ ಹಾಕಿದ್ದೇನೆ.