ಫೋನ್ ಮಾಡದೆ ಬಂದ ತೆನೆ

ನನ್ನ ಅಕ್ಕ ಇಪ್ಪತ್ತೊಂದು ದಿನ ಮಾತಾಡಲಿಲ್ಲ. ಈ ಸುದ್ದಿಯನ್ನು ನಾನು ಪತ್ರಿಕೆಗೆ ಕಳುಹಿಸಿದ್ದರೆ, ಇನ್ನೊಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳಿ ಎಂದು ಡೆಸ್ಕಿನವರು ವಾಪಸು ಕಳುಹಿಸುತ್ತಿದ್ದರು. ಅಕ್ಕನನ್ನು ಬಲ್ಲ ಬ್ರಹ್ಮಾವರದ ಯಾರೂ ಅದನ್ನು ಸುಲಭಕ್ಕೆ ನಂಬುವುದಿಲ್ಲ.

ಅಕ್ಕ ಕೊಕ್ಕರ್ಣೆಯ ಕಡೆ ಕನ್ನಡ ಟೀಚರಾಗಿದ್ದವಳು. ಮದುವೆಯಾಗಲಿಲ್ಲ, ನನ್ನ ಮತ್ತು ನನ್ನ ಹೆಂಡತಿಯ ಜೊತೆಗೇ ಇದ್ದಾಳೆ. ನಿವೃತ್ತಿಯ ಮರುದಿನವೇ ನಮ್ಮ ಇಗರ್ಜಿ ಅವಳನ್ನು ಹಿಡಿದುಕೊಂಡಿತು ಎಂದು ಅವಳು ಹೇಳುತ್ತಾಳೆ. ಅವಳೇ ಇಗರ್ಜಿಯನ್ನು ಹಿಡಿದುಕೊಂಡಳು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮಕ್ಕಳಿಗೆ ಹಾಡು ಕಲಿಸುವುದು, ಬೈಬಲ್ ವಾಚನ ಯಾರದೆಂದು ಗೊತ್ತು ಮಾಡುವುದು, ಪೀಠಕ್ಕೆ ಹೂ, ಕಾಯಿಲೆಯವರ ಮನೆಗೆ ಭೇಟಿ, ಮೈಕು ಕಿರುಚಿದರೆ ಮೈಕಿಗೂ ಬೈಗುಳ, ಎಲ್ಲ ಅವಳದೇ. ಅವಳ ದನಿ ಇಗರ್ಜಿಯ ಹಿಂದಿನ ಬೆಂಚಿನಿಂದ ಹೊರಟು ಮುಂದಿನ ಗೋಡೆಗೆ ತಾಗಿ ವಾಪಸು ಬರುತ್ತಿತ್ತು.

ಆ ದನಿ ಆಗಸ್ಟ್ ತಿಂಗಳಲ್ಲಿ ಒಡೆಯಿತು. ಮೊದಲು ಗೊಗ್ಗರು, ಆಮೇಲೆ ಬರೀ ಗಾಳಿ. ಉಡುಪಿಯ ಡಾಕ್ಟರ್ ಗಂಟಲಿಗೆ ಕ್ಯಾಮರಾ ಇಳಿಸಿ ನೋಡಿ, ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ ಎಂದರು.

"ಮೂರು ವಾರ ಒಂದು ಮಾತೂ ಆಡಬಾರದು ಟೀಚರ್. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು."

ಅಕ್ಕ ಬಾಯಿ ತೆರೆದಳು. ಡಾಕ್ಟರ್ ಬೆರಳೆತ್ತಿದರು. "ಈಗಿನಿಂದಲೇ. ಗಂಟು ಕರಗದಿದ್ದರೆ ಆಪರೇಷನ್. ಆಮೇಲೆ ಹಾಡುವ ದನಿ ಮರಳಿ ಬರುತ್ತದೆಂದು ನಾನು ಭರವಸೆ ಕೊಡಲಾರೆ."

ಕಾರಿನಲ್ಲಿ ಬರುವಾಗ ನಾನು ಲೆಕ್ಕ ಹಾಕಿದೆ. ಹತ್ತೊಂಬತ್ತನೆಯ ದಿನಕ್ಕೆ ಮೊಂತಿ ಹಬ್ಬ. ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ನಮ್ಮ ಪತ್ರಿಕೆಯವರು ಬರೆಯುವುದು ತೆನೆ ಹಬ್ಬ ಎಂದು. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ತಂದು ಹಾಡುತ್ತಾರೆ. ಹಬ್ಬದ ದಿನ ಗದ್ದೆಯ ಹೊಸ ತೆನೆಗೆ ಆಶೀರ್ವಾದವಾಗಿ ಮನೆಗೊಂದು ತೆನೆ ಹೋಗುತ್ತದೆ. ಅದರ ನಾಲ್ಕು ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ ಎಲ್ಲರೂ ಕುಡಿದ ಮೇಲೆಯೇ ಊಟ. ಆ ದಿನ ನಮ್ಮಂಥ ಮೀನುಪ್ರಿಯರ ಮನೆಯಲ್ಲೂ ತರಕಾರಿ ಮಾತ್ರ. ವರ್ಷದಲ್ಲಿ ಅಕ್ಕನಿಗೆ ಅತಿ ಹೆಚ್ಚು ಮಾತಿರುವುದು ಈ ದಿನಗಳಲ್ಲೇ.

ಮನೆಗೆ ಬಂದವಳೇ ಕಪಾಟಿನಿಂದ ಹಳೆಯ ಸ್ಲೇಟು ತೆಗೆದಳು. ಮೊದಲ ಬರಹ ಹೀಗಿತ್ತು: "ಮೂರು ವಾರ ನೀವೆಲ್ಲ ಸುಖವಾಗಿರಿ."

ಸುಖವೇನೂ ಸಿಗಲಿಲ್ಲ. ಮಾತು ಗಾಳಿಗೆ ಹೋಗುತ್ತದೆ, ಕೇಳಿಸಲಿಲ್ಲ ಎನ್ನಬಹುದು. ಸ್ಲೇಟು ಮುಖದ ಮುಂದೆ ಬಂದು ನಿಲ್ಲುತ್ತದೆ. ಸಾರಿಗೆ ಉಪ್ಪು ಕಡಿಮೆಯಾದರೆ ಅಡಿಗೆರೆ ಸಮೇತ ದೂರು. ನಾನು ಸಂಜೆಯ ಜಪಮಾಲೆಯನ್ನು ಸ್ವಲ್ಪ ಬೇಗ ಮುಗಿಸಿದರೆ, "ಬಸ್ಸು ಹಿಡಿಯಲಿಕ್ಕಿದೆಯೆ?" ಎಂಬ ಪ್ರಶ್ನೆ. ಟೀಚರಾದ್ದರಿಂದ ಪ್ರಶ್ನಾರ್ಥಕ ಚಿಹ್ನೆಯನ್ನು ಎಂದೂ ಮರೆಯುತ್ತಿರಲಿಲ್ಲ.

ನಾಲ್ಕನೆಯ ದಿನ ನಮ್ಮ ಪಾದ್ರಿಗಳು ಮನೆಗೆ ಬಂದರು. ಪ್ರಾಯದಲ್ಲಿ ಅಕ್ಕನಿಗಿಂತ ಬಹಳ ಚಿಕ್ಕವರು. ಅವಳಿಗೆ ಸ್ವಲ್ಪ ಹೆದರುತ್ತಾರೆ. ಮೌನ ಅವರಿಗೆ ಧೈರ್ಯ ಕೊಟ್ಟಿತ್ತು.

"ದೇವರೇ ಏಳನೆಯ ದಿನ ಸುಮ್ಮನೆ ಕೂತರು ಟೀಚರ್. ಅವರಿಗೇನು ನಿಮಗಿಂತ ಕಡಿಮೆ ಕೆಲಸವಿತ್ತೆ?"

ಅಕ್ಕ ಬರೆದಳು: "ಅವರಿಗೆ ಮಕ್ಕಳ ಹಾಡಿನ ತರಬೇತಿ ಇರಲಿಲ್ಲ."

"ನಿಮ್ಮ ಕೆಲಸಗಳನ್ನೆಲ್ಲ ಬರೆದುಕೊಡಿ, ಹಂಚುತ್ತೇನೆ. ಹಬ್ಬ ನಡೆಯುತ್ತದೆ."

ಅವಳು ಎರಡು ಪುಟ ತುಂಬಿಸಿ ಕೊಟ್ಟಳು. ಯಾವ ಮಗು ಯಾರ ಪಕ್ಕ ನಿಂತರೆ ನಗುತ್ತದೆ ಎನ್ನುವುದರಿಂದ ಹಿಡಿದು ಹಬ್ಬದ ದಿನ ಮಕ್ಕಳಿಗೆ ಹಂಚುವ ಕಬ್ಬಿನ ತುಂಡು ಎಷ್ಟುದ್ದ ಇರಬೇಕು ಎನ್ನುವವರೆಗೆ ಎಲ್ಲ ಇತ್ತು. ನಾನು ಕರಡು ತಿದ್ದುವ ಅಭ್ಯಾಸದಿಂದ ಎರಡು ಸಲ ಓದಿದೆ. ತಪ್ಪೇನೂ ಕಾಣಲಿಲ್ಲ. ಬರೆದದ್ದರಲ್ಲಿ ತಪ್ಪು ಹುಡುಕಲು ನನಗೆ ಬರುತ್ತದೆ. ಬರೆಯದೆ ಬಿಟ್ಟದ್ದು ಕಣ್ಣಿಗೆ ಬೀಳುವುದಿಲ್ಲ.

ಹಬ್ಬದ ಹಿಂದಿನ ಸಂಜೆ ಇಗರ್ಜಿ ಗುಡಿಸುತ್ತಿದ್ದವರ ನಡುವೆ ಪಾದ್ರಿಗಳು ಅಕ್ಕನನ್ನು ಕೇಳಿದರು: "ತೆನೆ ಎಷ್ಟು ಹೊತ್ತಿಗೆ ಬರುತ್ತದೆ ಟೀಚರ್?"

ನಾನಾಗ ಬೈಂದೂರಿನಲ್ಲಿದ್ದೆ, ವರದಿಯೊಂದರ ಕೆಲಸದಲ್ಲಿ. ಮುಂದಿನದನ್ನು ಅಕ್ಕನ ಸ್ಲೇಟಿನಿಂದಲೂ, ಮರುದಿನ ಇನ್ನೊಬ್ಬರ ಬಾಯಿಂದಲೂ ತಿಳಿದೆ. ಎರಡೂ ಹೇಳಿಕೆ ಹೊಂದುತ್ತವೆ.

ತೆನೆ ಕೊಡುವುದು ಕೊಕ್ಕರ್ಣೆಯ ಒಬ್ಬ ಹಿರಿಯ ರೈತರು. ಅವರ ಮಗಳು ಅಕ್ಕನ ಶಿಷ್ಯೆ. ತಮ್ಮ ಮನೆಗೆ ಕದಿರು, ಅಂದರೆ ಹೊಸ ತೆನೆ, ಕಟ್ಟುವ ಮೊದಲು, ಬೇಗ ಬಿತ್ತಿದ ಒಂದು ಗದ್ದೆಯಿಂದ ನಮ್ಮ ಇಗರ್ಜಿಗೆಂದು ಕೊಯ್ದು ಕೊಡುತ್ತಾರೆ. ಅಕ್ಕ ಪ್ರತಿವರ್ಷ ವಾರ ಮುಂಚೆ ಒಮ್ಮೆ, ಮೂರು ದಿನ ಮುಂಚೆ ಒಮ್ಮೆ, ಹಿಂದಿನ ದಿನ ಒಮ್ಮೆ ಅವರಿಗೆ ಫೋನ್ ಮಾಡುತ್ತಾಳೆ. ಇದು ಕೆಲಸವೆಂದೇ ಅವಳಿಗೆ ಅನ್ನಿಸಿರಲಿಲ್ಲ. ಹಾಗಾಗಿ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದರಿಂದ ಬೇರೆ ಯಾರೂ ಫೋನ್ ಮಾಡಿರಲಿಲ್ಲ.

ಪಾದ್ರಿಗಳಿಗೆ ಅವಳು "ಬೆಳಿಗ್ಗೆ" ಎಂದು ಬರೆದು ತೋರಿಸಿದಳು. ಆಮೇಲೆ ನೇರ ಮನೆಗೆ ಬಂದಳು. ನನ್ನ ಹೆಂಡತಿ ಇಗರ್ಜಿಯಲ್ಲೇ ಇದ್ದಳು. ಅಕ್ಕ ನನಗೆ ಮೆಸೇಜು ಹಾಕಿದಳು, ನಾನು ನೋಡಲಿಲ್ಲ. ರೈತರದ್ದು ಬಟನ್ ಫೋನ್, ಮೆಸೇಜಾಗಲಿ ಕರೆ ಬಂದ ನಂಬರಾಗಲಿ ಓದುವವರಲ್ಲ. ಅಕ್ಕ ಅವರ ನಂಬರ್ ಒತ್ತಿದಳು.

"ಹಲೋ. ಯಾರ್ ಅದ್?"

ಅಕ್ಕ ಬಳಪದಿಂದ ಸ್ಲೇಟಿಗೆ ಟಕಟಕ ಬಡಿದಳು.

"ಹ್ವಾಯ್, ಯಾರ್ ಹೇಳಿ ಮಾರಾಯ್ರೆ! ಕಟಕಟ ಅಂತಿತ್ತ್ ಬಿಟ್ರೆ ಎಂತದೂ ಕೇಂತಿಲ್ಲೆ."

ಫೋನ್ ಇಟ್ಟರು. ಅವಳು ಮತ್ತೆ ಮಾಡಿದಳು. ಮೂರನೆಯ ಸಲವೂ ಮಾಡಿದಳು. ನಾಲ್ಕನೆಯ ಸಲ, ಹೋಗಿ ಮಲಗಿ ಎನ್ನುತ್ತ ಅವರ ದನಿ ಏರಿತ್ತು: "ಕೆಲ್ಸ ಇಲ್ದಿದ್ರೆ ಮನಿಕಣಿ, ನಂಗ್ಯಾಕೆ ಉಪದ್ರ ಕೊಡ್ತ್ರಿ?"

ಆಗ ಅವಳ ಬಾಯಿ ತೆರೆಯಿತು. 'ತೆನೆ' ಎಂಬ ಒಂದೇ ಮಾತು ಸಾಕಿತ್ತು. ಹದಿನೆಂಟು ದಿನ ಕಾಪಾಡಿದ ಗಂಟಲಿನಲ್ಲಿ ಆ ಎರಡು ಅಕ್ಷರ ಬಂದು ನಿಂತಿದ್ದವು. ನಾನು ಮನೆಗೆ ಬಂದಾಗ ಅವಳು ಸ್ಲೇಟಿನಲ್ಲಿ ತೋರಿಸಿದ್ದು ಇಷ್ಟೇ: "ಬಾಯಿ ತೆರೆದೆ. ಮುಚ್ಚಿದೆ. ಫೋನ್ ಇಟ್ಟೆ."

ನಾನು ಕೂಡಲೇ ಅವರಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಇಲ್ಲ.

"ಬೆಳಿಗ್ಗೆ ಬೇಗ ನಾನೇ ಹೋಗಿ ಬರುತ್ತೇನೆ" ಎಂದೆ.

ಅವಳು ಬರೆದಳು: "ಕೊಯ್ಯದೆ ಇದ್ದರೆ?"

"ಗದ್ದೆಯಲ್ಲಿ ಬೆಳೆಸಿದ ದೇವರು ಇಗರ್ಜಿಯವರೆಗೂ ತಲುಪಿಸಿಯಾರು" ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಸಾಕ್ಷಿಯಿಲ್ಲದೆ ನಾನು ಹೀಗೆಲ್ಲ ಹೇಳಿಕೆ ಕೊಡುವವನಲ್ಲ.

ಅಕ್ಕ ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಸ್ಲೇಟು ಒರೆಸಿದಳು. ಜಪಮಾಲೆ ತೆಗೆದುಕೊಂಡು ಕುಳಿತಳು. ಆ ಸಂಜೆ ನಾನು ಬೇಗ ಮುಗಿಸಲಿಲ್ಲ.

ಬೆಳಿಗ್ಗೆ ನಾನು ಕಾರಿನ ಬೀಗದ ಕೈ ಹುಡುಕುತ್ತಿರುವಾಗ ಅಂಗಳದಿಂದ ಕೂಗು ಬಂತು.

"ಹ್ವಾಯ್ ಟೀಚರೇ! ಇದ್ರಿಯಾ?"

ಕೊಕ್ಕರ್ಣೆಯ ರೈತರೇ ಮೊದಲ ಬಸ್ಸಿಗೆ ಬಂದಿದ್ದರು. ಒದ್ದೆ ಗೋಣಿಯಲ್ಲಿ ಸುತ್ತಿದ ತೆನೆಯ ಕಟ್ಟು ಹೆಗಲ ಮೇಲಿತ್ತು. ಜಗಲಿಯಲ್ಲಿ ಇಳಿಸಿ ಬೆವರು ಒರೆಸಿಕೊಂಡರು.

"ಈ ಸಲ ಟೀಚರ್ ಫೋನೇ ಬರ್ಲಿಲ್ಲ. ಹುಷಾರ್ ಇತ್ತಾ ಇಲ್ಲ್ಯಾ, ಕಂಡ್ಕಂಡ್ ಬಪ್ಪ ಅಂದೇಳಿ ನಾನೇ ಬಂದೆ. ನಿನ್ನೆ ಯಾರೋ ಒಬ್ರ್ ನಾಲ್ಕ್ ಸಲ ಫೋನ್ ಮಾಡಿ ಉಸ್ರು ಬಿಡ್ತಿದ್ರ್. ಸಿಟ್ಟ್ ಬಂದ್ ಫೋನ್ ಅಕ್ಕಿ ಡಬ್ಬಿಗ್ ಹಾಕಿ ಮುಚ್ಚಿದ್ದೆ."

ಅಕ್ಕ ಸ್ಲೇಟು ಎತ್ತಿ ಹಿಡಿದಳು. ಅವರು ಕಣ್ಣು ಕಿರಿದು ಮಾಡಿ ನನ್ನತ್ತ ತಿರುಗಿದರು. "ಕನ್ನಡ್ಕ ತರ್ಲಿಲ್ಲ. ಎಂತ ಬರ್ದಿರ್?"

"'ಉಸಿರು ಬಿಟ್ಟದ್ದು ನಾನೇ' ಅಂತ."

ನಾನು ಗಂಟಲಿನ ಕತೆ ಹೇಳಿದೆ. ಅವರು ಜಗಲಿಯ ಕಂಬ ಹಿಡಿದುಕೊಂಡು ನಕ್ಕರು.

"ಹಾಂಗಾ! ಟೀಚರ್ ಆಯಿಕ್ ಅಂದೇಳಿ ನಂಗ್ ಹೆಂಗ್ ಗೊತ್ತಾತ್? ಟೀಚರ್ ಆರೆ ನಾನ್ ಹಲೋ ಅಂಬುಕ್ ಮುಂಚೆ ಮಾತ್ ಮುಗ್ದಿರ್ತಿತ್ತ್."

"ಫೋನ್ ಬಾರದಿದ್ದರೂ ಕೊಯ್ದಿರಲ್ಲ" ಎಂದೆ.

"ಫೋನ್ ಬಂದ್ರೆ ಮಾತ್ರ ಕೊಯ್ಯುದಾ? ಪ್ರತಿ ವರ್ಷ ಟೀಚರ್ ಕಡೀ ಫೋನ್ ಮಾಡೂಕೆ ಮುಂಚೆ ಕೊಯ್ದಾಯಿರತ್ತ್. ಅವ್ರಿಗೆ ಸಮಾಧಾನ ಆಯ್ಲಿ ಅಂದೇಳಿ 'ಆತ್ ಟೀಚರ್, ಕೊಯ್ತೆ' ಅಂಬುದ್."

ಅಕ್ಕನ ಮುಖದಲ್ಲಿ ಅವಮಾನ, ನಗು, ನಿರಾಳ, ಮೂರೂ ಒಟ್ಟಿಗೆ ಬಂದದ್ದನ್ನು ನಾನು ನೋಡಿದೆ. ಎಷ್ಟು ವರ್ಷದ ಫೋನುಗಳು, ವರ್ಷಕ್ಕೆ ಮೂರರಂತೆ!

ಇಗರ್ಜಿಯಲ್ಲಿ ಮಕ್ಕಳು ಹಾಡನ್ನು ಬಹಳ ಮೇಲಿನ ಶ್ರುತಿಯಲ್ಲಿ ಎತ್ತಿಕೊಂಡರು. ಮೂರನೆಯ ಸಾಲಿಗೆ ದನಿ ಸಾಲದೆ ತಾವೇ ನಿಲ್ಲಿಸಿದರು. ಜನರೆಲ್ಲ ಅಕ್ಕನತ್ತ ನೋಡಿದರು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಎದುರಿನ ಮಾತೆಯ ಪ್ರತಿಮೆಯನ್ನೇ ನೋಡುತ್ತ ಕುಳಿತಿದ್ದಳು. ಮಕ್ಕಳು ತಮ್ಮತಮ್ಮಲ್ಲೇ ಏನೋ ಗುಸುಗುಟ್ಟಿ, ಕೆಳಗಿನಿಂದ ಮತ್ತೆ ಎತ್ತಿಕೊಂಡು ಕೊನೆಯವರೆಗೂ ಹಾಡಿದರು. ಕೈ ಹೊರಗೆ ತೆಗೆಯುವಾಗ ಅವಳ ಬೆರಳುಗಳಲ್ಲಿ ಬೆಂಚಿನ ಗೆರೆ ಮೂಡಿತ್ತು.

ಇಪ್ಪತ್ತೊಂದು ದಿನ ಮುಗಿದಾಗ ಡಾಕ್ಟರ್ ಮತ್ತೆ ಕ್ಯಾಮರಾ ಇಳಿಸಿದರು. ಗಂಟು ಕರಗಿತ್ತು. ಮಾತಾಡಬಹುದು, ಕೂಗಬಾರದು, ಮಧ್ಯಾಹ್ನದ ಮೇಲೆ ದನಿಗೆ ಎರಡು ಗಂಟೆ ರಜೆ ಕೊಡಬೇಕು ಎಂದರು. ಮೊದಲ ಮಾತನ್ನು ದಾಖಲಿಸಲು ನಾನು ಪೆನ್ನು ತೆರೆದು ಕಾಯುತ್ತಿದ್ದೆ.

"ಪೆನ್ನು ಒಳಗಿಡು" ಎಂದಳು ಅಕ್ಕ. ದನಿ ಸ್ವಲ್ಪ ಸವೆದಿತ್ತು, ಆದರೆ ಅವಳದೇ.

ಹಾಡಿನ ಕೆಲಸವನ್ನು ಅವಳು ವಾಪಸು ತೆಗೆದುಕೊಳ್ಳಲಿಲ್ಲ. ಕಾಯಿಲೆಯವರ ಭೇಟಿ ಉಳಿಸಿಕೊಂಡಳು. ಅಲ್ಲಿ ಸುಮ್ಮನೆ ಕೂರುವುದು ಈಗ ತನಗೆ ಬರುತ್ತದೆ, ಮೊದಲು ಬರುತ್ತಿರಲಿಲ್ಲ ಎಂದಳು. ಸ್ಲೇಟು ಅಡಿಗೆಮನೆಯ ಮೊಳೆಗೆ ಹೋಯಿತು. ಈಗ ಅದರಲ್ಲಿ ತರಕಾರಿಯ ಪಟ್ಟಿ ಇರುತ್ತದೆ.

ಮರುವರ್ಷ ಹಬ್ಬದ ಹಿಂದಿನ ಮಧ್ಯಾಹ್ನ ಅಕ್ಕ ಊಟ ಮಾಡಿ ಮಲಗಿದ್ದಳು. ಯಾರಿಗೂ ಫೋನ್ ಮಾಡಿರಲಿಲ್ಲ. ನಾನು ಜಗಲಿಗೆ ಬಂದು, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೊಕ್ಕರ್ಣೆಯ ನಂಬರ್ ಒತ್ತಿದೆ.

"ಹಲೋ. ಹೀಗೇ, ಕ್ಷೇಮವೇ ಅಂತ ವಿಚಾರಿಸಲು ಮಾಡಿದೆ" ಎಂದೆ.

ಆ ಕಡೆಯಿಂದ ನಗು ಕೇಳಿಸಿತು.

"ಟೀಚರಿಗೆ ಗುಣ ಆಯ್ತ್" ಎಂದರು ಅವರು. "ಈಗ ನಿಮ್ಗ್ ಹತ್ತಿತಾ? ಹೋಯಿ ಮನಿಕಣಿ. ಕದ್ರ್ ಕೊಯ್ದಾಯ್ತ್."

ನಾನು ಒಳಗೆ ಹೋಗಿ ಫೋನನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮುಚ್ಚಿದೆ.