ಎಡಕ್ಕೆ ಬಿದ್ದ ಹೂವು

ಹದಿನಾಲ್ಕು ವರ್ಷ ಶ್ಯಾಮಲ ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಿಬಂದರು. ಟೈಲರ್ ಆಗಿ ಸೇರಿ ಸೂಪರ್‌ವೈಸರ್ ಆದರು. ಕಳೆದ ವರ್ಷ ಕಂಪನಿ ಕೊಯಮತ್ತೂರಿಗೆ ಹೋಗುವಾಗ ಜೊತೆಗೆ ಕರೆದ ಹನ್ನೊಂದು ಜನರಲ್ಲಿ ಅವರೂ ಒಬ್ಬರು. ಕ್ವಾರ್ಟರ್ಸ್ ಸಿಕ್ಕಿತ್ತು, ಮಗಳು ಲಿಖಿತಳಿಗೆ ಶಾಲೆ ನೋಡಿಯಾಗಿತ್ತು. ರಾಬರ್ಟ್‌ಸನ್‌ಪೇಟೆಯಲ್ಲಿ ಆಟೊ ಓಡಿಸುವ ಗಂಡ ಸುಧಾಕರ್, "ತಮಿಳು ಬತ್ತದೆ, ಆಟೊ ಅದೆ, ಇನ್ನೇನು?" ಎಂದುಬಿಟ್ಟರು.

ಬೇತಮಂಗಲದ ಹತ್ತಿರ ಇರುವ ಅವರ ಊರಿನಲ್ಲಿ ಇಂಥ ಹೆಜ್ಜೆ ಇಡುವ ಮುಂಚೆ ಮುತ್ಯಾಲಮ್ಮನ ಗುಡಿಯಲ್ಲಿ ಹೂ ಕೇಳುತ್ತಾರೆ. ಪೂಜಾರಿ ದೇವಿಯ ಎರಡು ಭುಜಕ್ಕೂ ಒಂದೊಂದು ಒದ್ದೆ ಹೂವು ಅಂಟಿಸುತ್ತಾರೆ, ಮೊದಲು ಬಲಭುಜಕ್ಕೆ. ಬಲಗಡೆಯ ಹೂವು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಶ್ಯಾಮಲ ಹೋದದ್ದು ಕೇಳಲಿಕ್ಕಲ್ಲ, ಹೇಳಿ ಬರಲಿಕ್ಕೆ. ಅತ್ತೆ ವೆಂಕಟರತ್ನಮ್ಮ ಮನೆಯ ಗಿಡದ ಹೂವನ್ನು ತಾವೇ ಒಂದೊಂದಾಗಿ ಪೂಜಾರಿಯ ಕೈಗಿತ್ತರು. ಮಂಗಳಾರತಿ ಮುಗಿಯುವ ಮೊದಲೇ ಎಡಗಡೆಯ ಹೂವು ಜಾರಿತು.

ಶ್ಯಾಮಲ ಕೊಯಮತ್ತೂರಿಗೆ ಹೋಗಲಿಲ್ಲ. ಆರು ತಿಂಗಳು ಗುಡಿಯ ಕಡೆ ತಲೆಯನ್ನೂ ಹಾಕಲಿಲ್ಲ. ಕೈ ಸುಮ್ಮನಿರದೆ ಆಂಡರ್ಸನ್‌ಪೇಟೆಯಲ್ಲಿ ಒಂದು ಕೋಣೆ ಹಿಡಿದು, ನಾಲ್ಕು ಮಷೀನು ಹಾಕಿ ಹೊಲಿಗೆ ಕಲಿಸತೊಡಗಿದರು. ಮೊದಲು ಬಂದವರು ಇಬ್ಬರು, ಈಗ ಹತ್ತೊಂಬತ್ತು ಹೆಂಗಸರು. ಕೊಯಮತ್ತೂರಿಗೆ ಹೋದ ಗೆಳತಿ ರೂಪ ಅಲ್ಲಿ ಚೆನ್ನಾಗಿಯೇ ಇದ್ದಾರೆ.

ಈ ಜನವರಿಯಲ್ಲಿ ರೂಪ ಫೋನ್ ಮಾಡಿದರು. ಒಂದು ಸೂಪರ್‌ವೈಸರ್ ಕೆಲಸ ಖಾಲಿಯಾಗಿದೆ, ಸೋಮವಾರದೊಳಗೆ ಹೇಳಬೇಕು. ಅವತ್ತು ಅತ್ತೆ ಸೊಸೆ ಎದುರುಬದುರು ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು.

"ಓದೊರ್ಷದ್ದು ಅಮ್ಮ ಕೊಟ್ಟ ಹೂವಲ್ಲ ಕಣಮ್ಮ" ಎಂದರು ವೆಂಕಟರತ್ನಮ್ಮ, ತಲೆಯೆತ್ತದೆ. "ಬಲಗಡೇದು ಬೀಳ್ದಂಗೆ ಬೆಲ್ಲದ ಪಾಕ ಹಚ್ಚಿ ಕೊಟ್ಟಿದ್ದೆ. ನೀನು ಓಗ್ಬಿಟ್ರೆ ಮನೆ ಬಿಕೋ ಅಂತದೆ ಅಂತ."

ಶ್ಯಾಮಲರ ಕೈ ನಿಂತಿತು. "ನನ್ನ ಸಾರು ಬಾಯಿಗಿಡಕ್ಕಾಗಲ್ಲ ಅಂತ ದಿನಾ ಬೈತೀರಲ್ಲ ಅತ್ತೆ?"

"ಬೈಯೋಕೂ ಒಬ್ರು ಬೇಕಲ್ಲ. ಈಗ ಓಗಿ ಕೇಳ್ಕೊಂಬಾ. ನಾನ್ ಬರಲ್ಲ."

ಎರಡು ದಿನ ಶ್ಯಾಮಲ ಅತ್ತೆಯ ಜೊತೆ ಮಾತಾಡಲಿಲ್ಲ. ದೇವಿ ಬೇಡವೆಂದಳು ಎಂದುಕೊಂಡೇ ಅವರು ಆ ನಿರಾಸೆಯನ್ನು ನುಂಗಿಕೊಂಡಿದ್ದರು. ಈಗ ಆ ಮಾತೇ ಬರೀ ಬೆಲ್ಲವಾಗಿತ್ತು.

ಭಾನುವಾರ ಒಬ್ಬರೇ ಗುಡಿಗೆ ಹೋದರು. ಪೂಜಾರಿ ಮುನಿನಾರಾಯಣಪ್ಪ ಬಂದ ಕಾರಣ ಕೇಳಲೇ ಇಲ್ಲ.

"ಇನ್ನೊಂದ್ ಸಲ ಇಡ್ಲೇನಮ್ಮ? ನಂಗೂ ಗೊತ್ತಾಗಿತ್ತು. ಮಾರ್ನೇ ದಿನ ಅಮ್ಮನ ಬಲಬುಜದ್ ತುಂಬ ಇರುವೆ."

"ಮತ್ತೆ ಯಾಕೆ ಯೋಳ್ಲಿಲ್ಲ ಪೂಜಾರಪ್ಪ?"

"ನಿಮ್ಮತ್ತೆ ಬಾಯಿಗೆ ಯಾರ್ ಬೀಳ್ತಾರೆ ತಾಯಿ!"

ಶ್ಯಾಮಲ ದೇವಿಯ ಎಡಭುಜವನ್ನೇ ನೋಡಿದರು. ನುಣುಪಾದ ಕರಿಕಲ್ಲು. ಒದ್ದೆ ಹೂವು ಅಲ್ಲಿ ಅಂಟಿಕೊಂಡು ಇಡೀ ದಿನ ನಿಂತದ್ದನ್ನು ಚಿಕ್ಕಂದಿನಿಂದ ಎಷ್ಟೋ ಸಲ ಕಂಡಿದ್ದರು.

"ಎರಡೂ ಬೀಳ್ದೆ ಇದ್ದಿದ್ರೆ?" ಎಂದು ಕೇಳಿದರು.

"ಮುಂದಿನ್ ವಾರ ಬಾ ಅಂತಿದ್ದೆ."

"ಇನ್ನೊಂದ್ ಸಲ ಬ್ಯಾಡ ಬಿಡಿ. ಅತ್ತೆ ಬೆಲ್ಲ ಹಚ್ಚಿದ್ದು ಬಲಗಡೇದಕ್ಕೆ. ಎಡಗಡೇದನ್ನ ಯಾರೂ ಮುಟ್ಟಿರ್ಲಿಲ್ಲ. ಇಟ್ಕೊಬೇಕು ಅಂದಿದ್ರೆ ಅಮ್ಮ ಅದನ್ನೂ ಇಟ್ಕೊತಿದ್ಲು."

ಗುಡಿಯ ಮೆಟ್ಟಿಲ ಮೇಲಿಂದಲೇ ರೂಪರಿಗೆ ಫೋನ್ ಮಾಡಿ ಬರುವುದಿಲ್ಲವೆಂದರು. ಹೂ ಕೇಳಿದೆಯಾ ಎಂಬ ಪ್ರಶ್ನೆ ಆ ಕಡೆಯಿಂದ ಬಂತು.

"ಓದೊರ್ಷ ಕೇಳಿದ್ನಲ್ಲ ಕಣೇ, ಅಷ್ಟೇ ಸಾಕು."

ಮನೆಗೆ ಬಂದವರು ಅತ್ತೆಯ ತಟ್ಟೆಗೆ ಸಾರು ಬಡಿಸಿ, ಉಪ್ಪು ಸರಿಯಾಗಿದೆಯಾ ನೋಡಿ ಎಂದರು.