ಹೊಗೆಯಾಡುವ ಮನೆ

ಜರ್ಮನಿಯ ಗ್ರೀನ್ ಕಾರ್ಡ್ ಸಿಕ್ಕಿ ಡ್ರೆಸ್ಡೆನ್‌ನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಗೆ ಬಂದ ಮೊದಲ ಚಳಿಗಾಲ ನಾನಿದ್ದದ್ದು ಕಲ್ಲಿದ್ದಲ ಒಲೆಯ ಹಳೇ ಮನೆಯಲ್ಲಿ. ಮೇಲಿನ ಮಹಡಿಯಲ್ಲಿ ಸ್ಕಾಟ್ಲೆಂಡಿನ ಹೆಂಗಸೊಬ್ಬರು, ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಒಲೆ ಹೊತ್ತಿಸಲು ಬಾರದೆ ನಾನು ಮನೆತುಂಬ ಹೊಗೆ ಎಬ್ಬಿಸಿದ ದಿನ ಕೆಳಗೆ ಬಂದು, ಕಿಟಕಿ ತೆಗೆದು, "ರೀಕಿ" ಅಂದರು.

ಅದು ಅವರ ಕಡೆಯ ಹಳೇ ಮಾತಂತೆ. ಹೊಗೆ ಕವಿದದ್ದು ಎಂದರ್ಥ. ಎಡಿನ್‌ಬರ್ಗ್ ಊರಿಗೇ ಆ ಹೆಸರು ಅಂಟಿಕೊಂಡಿತ್ತು. ರೀಕ್ ಅಂದರೆ ಹೊಗೆ. ಜನ ವಾಸವಿರುವ ಮನೆಗೂ ಅದೇ ಮಾತು. ಹಿಂದೆ ಜಮೀನ್ದಾರರು ಹೊಗೆಯಾಡುವ ಮನೆಗೊಂದು ಕೋಳಿ ವಸೂಲು ಮಾಡುತ್ತಿದ್ದರಂತೆ. ನಮ್ಮ ದಾವಣಗೆರೆ ಹುಡುಗರು ಯಾರಾದರೂ ಸತ್ತರೆ ಹೊಗೆ ಹಾಕಿಸ್ಕೊಂಡ ಅಂತಾರೆ ಎಂದೆ. ಅವರು ನಗಲಿಲ್ಲ. ಕಿಟಕಿಯಾಚೆ ಎದುರು ಕಟ್ಟಡದ ಚಿಮಣಿ ತೋರಿಸಿದರು.

"ಹಾಗಾದರೆ ಅಲ್ಲಿರೋದು ಯಾರು?"

ಕೆಡವಲೆಂದು ಖಾಲಿ ಮಾಡಿಸಿದ್ದ ಕಟ್ಟಡ ಅದು. ಕರೆಂಟಿಲ್ಲ, ಕೆಳಗಿನ ಕಿಟಕಿಗಳಿಗೆಲ್ಲ ಹಲಗೆ ಹೊಡೆದಿತ್ತು. ಚಿಮಣಿಯಿಂದ ಮಾತ್ರ ತೆಳ್ಳಗೆ ಹೊಗೆ ಏಳುತ್ತಿತ್ತು.

ಭಾನುವಾರ ಮಧ್ಯಾಹ್ನ ಇಬ್ಬರೂ ಹೋದೆವು. ಬೀದಿಬಾಗಿಲು ತೆರೆದೇ ಇತ್ತು. ಮೆಟ್ಟಿಲೆಲ್ಲ ಹಿಮದಂತೆ ತಣ್ಣಗೆ. ಎರಡನೇ ಮಹಡಿಯ ಒಂದು ಬಾಗಿಲ ಸಂದಿಯಿಂದ ಬೆಚ್ಚನೆ ಗಾಳಿ. ತಟ್ಟಿದಾಗ ಓವರ್‌ಕೋಟ್ ತೊಟ್ಟ ಮುದುಕಿಯೊಬ್ಬರು ತೆಗೆದು ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ. ನಮ್ಮವರು ಮಲಗಿದ್ದಾರೆ."

ಒಳಗೆ ಒಲೆ ಉರಿಯುತ್ತಿತ್ತು. ಮಂಚದ ಮೇಲೆ ಹಾಸಿಗೆ ಹಾಸಿತ್ತು. ಯಾರೂ ಇರಲಿಲ್ಲ. ಆದರೆ ದಿಂಬು ತಲೆಯಿಟ್ಟ ಹಾಗೆ ತಗ್ಗಾಗಿತ್ತು. ಒಲೆಗೂ ಮಂಚಕ್ಕೂ ನಡುವೆ ಅಡ್ಡ ನಿಲ್ಲಲು ನನಗೇಕೋ ಧೈರ್ಯ ಬರಲಿಲ್ಲ. ಹೊರಡುವಾಗ ನನ್ನ ನೆರೆಯಾಕೆ ಮಂಚದ ಕಡೆಗೂ ತಲೆಬಾಗಿದರು. ನಾನೂ ಕೈಮುಗಿದೆ.

ಬೀದಿಯ ಕೊನೆಯ ಬೇಕರಿಯವಳಿಂದ ಸಂಗತಿ ತಿಳಿಯಿತು. ಮುದುಕಿ ಎಲ್ಬೆ ನದಿಯಾಚೆ ಮಗಳ ಮನೆಯಲ್ಲಿದ್ದಾರೆ, ಗಂಡ ತೀರಿಕೊಂಡು ವರ್ಷಗಳಾಗಿವೆ, ದಿನಾ ಚೀಲದಲ್ಲಿ ಕಲ್ಲಿದ್ದಲು ತುಂಬಿಕೊಂಡು ಟ್ರಾಮ್‌ನಲ್ಲಿ ತಮ್ಮ ಹಳೇ ಮನೆಗೆ ಬರುತ್ತಾರೆ. ಪಾಳು ಕಟ್ಟಡದಲ್ಲಿ ಬೆಂಕಿ ಅಪಾಯವೆಂದು ಬೇಕರಿಯವಳೇ ಮಗಳಿಗೆ ಫೋನ್ ಮಾಡಿದಳು. ಮಗಳು ಬಂದು ಒಲೆ ಆರಿಸಿ, ತಾಯಿಯನ್ನು ಕರೆದುಕೊಂಡು, ಬಾಗಿಲಿಗೆ ಬೀಗ ಹಾಕಿ ಹೋದಳು.

ಮರುದಿನ ಬೆಳಿಗ್ಗೆ ಚಿಮಣಿಯಲ್ಲಿ ಹೊಗೆ ಕಂಡಿತು. ನೆರೆಯಾಕೆ ಬೇಕರಿಗೆ ಓಡಿದರು. ಮತ್ತೆ ಫೋನ್ ಹೋಯಿತು. ಅಮ್ಮ ಇಲ್ಲೇ ನನ್ನೆದುರು ತಿಂಡಿ ತಿನ್ನುತ್ತಿದ್ದಾರೆ, ಕೀಲಿ ನನ್ನ ಹತ್ತಿರವೇ ಇದೆ ಎಂದಳಂತೆ ಮಗಳು.

ನಾವು ಕಿಟಕಿಯ ಬಳಿ ಬಹಳ ಹೊತ್ತು ನಿಂತಿದ್ದೆವು. ಹೋಗಿ ನೋಡುವ ಬದಲು ನೆರೆಯಾಕೆ ಚಿಮಣಿಯ ಕಡೆ ತಲೆಬಾಗಿದರು, ನಾನೂ ಕೈಮುಗಿದೆ.